27 ವರ್ಷ ಕೋಚ್ ಆಗಿದ್ದ ಕೆವಿನ್ ಶೀಡಿಯನ್ನು 2007ರಲ್ಲಿ ಎಸೆಂಡನ್ ಫುಟ್‌ಬಾಲ್ ಕ್ಲಬ್ ಹೊರಗೆ ಕಳುಹಿಸಿದ್ದು ಸರಿಯೇ?

ವಿಂಡಿ ಹಿಲ್ ನೆರೆಯವನು:

ನಾನು ಓದಲೆಂದು ಮೆಲ್ಬರ್ನ್‌ಗೆ ಬಂದದ್ದು 2007ರ ಆರಂಭದಲ್ಲಿ. ಬಾಡಿಗೆ ಕೋಣೆ ಸಿಕ್ಕಿದ್ದು ಎಸೆಂಡನ್ ಬಡಾವಣೆಯಲ್ಲಿ, ವಿಂಡಿ ಹಿಲ್ ಮೈದಾನಕ್ಕೆ ಐದು ನಿಮಿಷದ ನಡಿಗೆ. ಆಸ್ಟ್ರೇಲಿಯನ್ ಫುಟ್‌ಬಾಲ್ ಎಂದರೆ ಏನೆಂದೇ ಆಗ ನನಗೆ ಗೊತ್ತಿರಲಿಲ್ಲ. ಜುಲೈ ಕೊನೆಯ ವಾರದ ಒಂದು ಚಳಿಯ ದಿನ ಪಕ್ಕದ ಮನೆಯ ಅಜ್ಜಿ ಕಸದ ಡಬ್ಬಿಯನ್ನು ಬೀದಿಯಂಚಿಗೆ ಎಳೆದು ತಂದವರು ಅಲ್ಲೇ ನಿಂತುಬಿಟ್ಟಿದ್ದರು. ಏನಾಯಿತೆಂದು ಕೇಳಿದೆ. ‘ಕೆವಿನ್‌ನನ್ನು ಕಳುಹಿಸುತ್ತಿದ್ದಾರೆ’ ಎಂದರು. ಯಾರು ಆ ಕೆವಿನ್ ಎಂದು ಕೇಳಿದ್ದಕ್ಕೆ ಅರ್ಧ ಗಂಟೆ ಮಾತನಾಡಿದರು. ನನಗೆ ಈ ಆಟ ಪರಿಚಯವಾದದ್ದೇ ಆ ಅರ್ಧ ಗಂಟೆಯಲ್ಲಿ.

ಕೆವಿನ್ ಶೀಡಿ ಮೂಲತಃ ಪ್ಲಂಬರ್. ರಿಚ್ಮಂಡ್ ತಂಡಕ್ಕೆ 251 ಪಂದ್ಯ ಆಡಿ, ಮೂರು ಪ್ರಶಸ್ತಿಗಳಲ್ಲಿ ಪಾಲು ಪಡೆದು, 1981ರಲ್ಲಿ ಎಸೆಂಡನ್ ಕೋಚ್ ಆದರು. ಆ ಮೊದಲ ವರ್ಷವೇ ತಂಡ ಸತತ 15 ಪಂದ್ಯ ಗೆದ್ದಿತು. ಆಮೇಲೆ ನಾಲ್ಕು ಪ್ರಶಸ್ತಿಗಳು: 1984, 1985, 1993, 2000. 1984ರಲ್ಲಿ ಪ್ರಶಸ್ತಿ ನಿರ್ಧರಿಸುವ ಗ್ರ್ಯಾಂಡ್ ಫೈನಲ್‌ನಲ್ಲಿ ಕೊನೆಯ ಕ್ವಾರ್ಟರ್‌ಗೆ ಮುನ್ನ 23 ಅಂಕ ಹಿಂದಿದ್ದ ತಂಡ, ಹಾಥಾರ್ನ್ ವಿರುದ್ಧ 24 ಅಂಕಗಳಿಂದ ಗೆದ್ದಿತು. 2000ದಲ್ಲಂತೂ ಇಡೀ ವರ್ಷದಲ್ಲಿ ಸೋತದ್ದು ಒಂದೇ ಪಂದ್ಯ. ಒಟ್ಟು 635 ಪಂದ್ಯ, 386 ಗೆಲುವು. ಇಂಥ ಮನುಷ್ಯನಿಗೆ 2007ರ ಜುಲೈನಲ್ಲಿ ಕ್ಲಬ್ ಆಡಳಿತ ಮಂಡಳಿ ‘ನಿಮ್ಮ ಒಪ್ಪಂದವನ್ನು ಮುಂದುವರಿಸುವುದಿಲ್ಲ’ ಎಂದಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ತಪ್ಪು. 2004ರ ನಂತರ ಎಸೆಂಡನ್ ಫೈನಲ್ಸ್ ಹಂತದಲ್ಲಿ, ಅಂದರೆ ಋತುವಿನ ಕೊನೆಗೆ ಅಗ್ರ ತಂಡಗಳ ನಡುವೆ ನಡೆಯುವ ಹಂತದಲ್ಲಿ, ಒಂದೇ ಒಂದು ಪಂದ್ಯ ಗೆದ್ದಿಲ್ಲ. ಆ ತಂಡಕ್ಕೆ ಫೈನಲ್ಸ್ ಹಂತದ ಕೊನೆಯ ಗೆಲುವನ್ನು ತಂದುಕೊಟ್ಟವರು ಇಂದಿಗೂ ಶೀಡಿಯವರೇ. ಅವರು ಹೋದ ದಿನ ಆ ಕ್ಲಬ್‌ನ ಬೆನ್ನುಮೂಳೆಯೇ ಹೋಯಿತು. ನೀವು ಏನು ಹೇಳುತ್ತೀರಿ?

ಅಂಕಣ ಲೆಕ್ಕಿಗ:

ಅಜ್ಜಿಯ ನೋವು ನನಗೆ ಅರ್ಥವಾಗುತ್ತದೆ. ಆದರೆ ನಿರ್ಧಾರವನ್ನು ತಪ್ಪು ಎನ್ನುವ ಮೊದಲು ಅದಕ್ಕೆ ಹಿಂದಿನ ಮೂರು ವರ್ಷಗಳನ್ನು ನೋಡಬೇಕು. 2005ರಲ್ಲಿ ಎಸೆಂಡನ್ 13ನೇ ಸ್ಥಾನ. 2006ರಲ್ಲಿ 22 ಪಂದ್ಯಗಳಲ್ಲಿ ಮೂರು ಗೆಲುವು, ಒಂದು ಸಮ, 16 ತಂಡಗಳಲ್ಲಿ 15ನೆಯದು. 2007ರಲ್ಲಿ 10 ಗೆಲುವು, 12ನೇ ಸ್ಥಾನ. ಬೇರೆ ಯಾವ ಕೋಚ್ ಆಗಿದ್ದರೂ 2006ರ ಕೊನೆಯಲ್ಲೇ ಮನೆಗೆ ಹೋಗುತ್ತಿದ್ದರು. ಶೀಡಿಗೆ ಇನ್ನೊಂದು ವರ್ಷ ಸಿಕ್ಕಿದ್ದು ಹಿಂದಿನ ನಾಲ್ಕು ಪ್ರಶಸ್ತಿಗಳ ಗೌರವದಿಂದ.

2000ದ ತಂಡ ಚದುರಿದ್ದು ಶೀಡಿಯ ತಪ್ಪಲ್ಲ ಎಂದೂ ಹೇಳಬೇಕು. ಈ ಲೀಗ್‌ನಲ್ಲಿ ಒಂದು ತಂಡ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಮಿತಿ ಇದೆ. ಗೆದ್ದ ತಂಡದ ಪ್ರತಿಯೊಬ್ಬನ ಬೆಲೆ ಏರುತ್ತದೆ, ಎಲ್ಲರನ್ನೂ ಉಳಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಹಾರ್ಡ್‌ವಿಕ್, ಬ್ಲಮ್‌ಫೀಲ್ಡ್, ಹೆಫರ್ನನ್, ಕ್ಯಾರಸೆಲ್ಲಾ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಹೋದರು. ಆದರೆ ಹೋದವರ ಜಾಗದಲ್ಲಿ ಹೊಸ ತಂಡ ಕಟ್ಟುವ ಕೆಲಸ ಆಗಲಿಲ್ಲ. ಐದಾರು ವರ್ಷ ಹಳೆಯ ವೀರರ ನೆನಪಿನ ಮೇಲೆಯೇ ಕ್ಲಬ್ ನಡೆಯಿತು. 2007ರ ತಂಡದಲ್ಲಿದ್ದ ಬಹುಪಾಲು ಹುಡುಗರು ಶೀಡಿ ಕೋಚ್ ಆದ ಮೇಲೆ ಹುಟ್ಟಿದವರು. ಅದೇ ದನಿ, ಅದೇ ಕಥೆಗಳು ಅವರಿಗೆ ಎಷ್ಟು ತಲುಪುತ್ತಿದ್ದವು?

ಹೊಸ ನೋಡುಗ:

ಇದೇ ವರ್ಷ ಪಂದ್ಯ ನೋಡಲು ಆರಂಭಿಸಿದ್ದೇನೆ, ನಿಯಮಗಳು ಇನ್ನೂ ಕೈಗೆ ಹತ್ತಿಲ್ಲ. ಎತ್ತರದ ಎರಡು ಕಂಬಗಳ ನಡುವೆ ಒದ್ದರೆ ಆರು ಅಂಕ, ಪಕ್ಕದ ಗಿಡ್ಡ ಕಂಬಗಳ ನಡುವೆ ಹೋದರೆ ಒಂದು, ಇಷ್ಟು ಗೊತ್ತು. ಕ್ರಿಕೆಟ್‌ನಲ್ಲಿ ಮೈದಾನದೊಳಗೆ ನಾಯಕನೇ ಎಲ್ಲ, ಕೋಚ್ ಹೊರಗಿನವನು. ಇಲ್ಲಿ ಒಬ್ಬ ಕೋಚ್ ಹೋದರೆ ಇಷ್ಟೊಂದು ಜನ ಇಷ್ಟು ವರ್ಷ ಮಾತನಾಡುವುದು ಏಕೆ?

ಅಂಕಣ ಲೆಕ್ಕಿಗ:

ಒಳ್ಳೆಯ ಪ್ರಶ್ನೆ. ಈ ಆಟದಲ್ಲಿ ಒಂದೇ ಸಮಯಕ್ಕೆ ಪ್ರತಿ ತಂಡದ 18 ಜನ ಮೈದಾನದಲ್ಲಿ ಇರುತ್ತಾರೆ, ಆಟ ನಿಲ್ಲುವುದೇ ಕಡಿಮೆ. ಯಾರು ಯಾರ ಬೆನ್ನಿಗೆ ಬೀಳಬೇಕು, ಯಾರು ಯಾವಾಗ ಹೊರಗೆ ಬಂದು ದಣಿವಾರಿಸಿಕೊಳ್ಳಬೇಕು, ರಕ್ಷಣೆಯವನನ್ನು ಯಾವಾಗ ಮುಂದಕ್ಕೆ ಕಳುಹಿಸಬೇಕು, ಎಲ್ಲವನ್ನೂ ಗ್ಯಾಲರಿಯ ಮೇಲಿನ ಕೋಣೆಯಲ್ಲಿ ಕುಳಿತ ಕೋಚ್ ನಿರ್ಧರಿಸುತ್ತಾನೆ. ಎಡವಟ್ಟಾದರೆ ಅದರ ಹೊಣೆಯೂ ಅವನದೇ. ಆಟಗಾರರ ಆಯುಷ್ಯ ಹತ್ತು ವರ್ಷ, ಅಧ್ಯಕ್ಷರು ಬದಲಾಗುತ್ತಲೇ ಇರುತ್ತಾರೆ. 27 ವರ್ಷ ಒಂದೇ ಮುಖ ಕಾಣುವುದೆಂದರೆ ಆ ಕ್ಲಬ್ ಎಂದಾಗ ಜನರ ಕಣ್ಣ ಮುಂದೆ ಬರುವುದೇ ಆ ಮುಖ. ಇದಕ್ಕಿಂತ ಉದ್ದದ ಸೇವೆ ಕಾಲಿಂಗ್‌ವುಡ್‌ನ ಜಾಕ್ ಮೆಕ್‌ಹೇಲ್ ಅವರದು, 1912ರಿಂದ 1949ರವರೆಗೆ.

ಹಳದಿ ಕಪ್ಪು:

ರಿಚ್ಮಂಡ್ ಅಭಿಮಾನಿಯಾಗಿ ಒಂದು ಮಾತು ಸೇರಿಸುತ್ತೇನೆ. 2007ರಲ್ಲಿ ಶೀಡಿಯ ಜಾಗಕ್ಕೆ ಹುಡುಕಾಟ ನಡೆದಾಗ ಸ್ಪರ್ಧೆಯಲ್ಲಿ ಇದ್ದವರಲ್ಲಿ ಡೇಮಿಯನ್ ಹಾರ್ಡ್‌ವಿಕ್ ಒಬ್ಬರು. 2000ದ ಪ್ರಶಸ್ತಿ ತಂಡದಲ್ಲಿ ಶೀಡಿಯ ಕೈಕೆಳಗೇ ಆಡಿದವರು, ಮನೆಯ ಮಗನಿದ್ದಂತೆ. ಎಸೆಂಡನ್ ಅವರನ್ನು ಬಿಟ್ಟು ಮ್ಯಾಥ್ಯೂ ನೈಟ್ಸ್ ಅವರನ್ನು ಆರಿಸಿತು. ನೈಟ್ಸ್ ನಮ್ಮ ರಿಚ್ಮಂಡ್‌ನ ಮಾಜಿ ನಾಯಕ! ಎರಡು ವರ್ಷದ ನಂತರ ನಾವು ಹಾರ್ಡ್‌ವಿಕ್ ಅವರನ್ನು ಕರೆತಂದೆವು. 2017, 2019, 2020ರಲ್ಲಿ ಮೂರು ಪ್ರಶಸ್ತಿ ಬಂತು. ಅದಕ್ಕೂ ಮೊದಲು 37 ವರ್ಷ ನಮಗೆ ಏನೂ ಇರಲಿಲ್ಲ.

2016ರಲ್ಲಿ ನಾವು 13ನೇ ಸ್ಥಾನಕ್ಕೆ ಕುಸಿದಾಗ ‘ಹಾರ್ಡ್‌ವಿಕ್ ಹೋಗಲಿ’ ಎಂದು ಕೂಗಿದವರಲ್ಲಿ ನಾನೂ ಇದ್ದೆ. ಕ್ಲಬ್ ನಮ್ಮ ಮಾತು ಕೇಳಲಿಲ್ಲ, ಮರು ವರ್ಷವೇ ಕಪ್ ಬಂತು. ಆಮೇಲೆ 2023ರ ಮೇ ತಿಂಗಳಲ್ಲಿ, ಒಪ್ಪಂದ ಇನ್ನೂ ಒಂದೂವರೆ ವರ್ಷ ಬಾಕಿ ಇರುವಾಗ, ಅವರೇ ದಣಿದಿದ್ದೇನೆ ಎಂದು ಎದ್ದು ಹೊರಟರು. ನನಗೆ ಅಂದು ಸಿಟ್ಟು ಬರಲಿಲ್ಲ. ಅದೇ ಆಗಸ್ಟ್‌ನಲ್ಲಿ ಗೋಲ್ಡ್ ಕೋಸ್ಟ್ ಜೊತೆ ಆರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದಾಗ ಮಾತ್ರ ನೋವಾಯಿತು. ಕಳುಹಿಸಿದರೂ ನೋವು, ತಾವಾಗಿ ಹೋದರೂ ನೋವು. ಆದರೆ ತಾವಾಗಿ ಹೋದಾಗ ಅಭಿಮಾನಿಗಳಲ್ಲಿ ಪಂಗಡಗಳು ಆಗುವುದಿಲ್ಲ. ಎಸೆಂಡನ್‌ನಲ್ಲಿ ಆದದ್ದು ಆ ಪಂಗಡಗಳೇ ಎಂದು ನನಗೆ ಅನ್ನಿಸುತ್ತದೆ.

ಕೆಂಪು ನೀಲಿ:

ಕಳುಹಿಸುವುದು ಹೇಗೆ ಎಂಬ ಮಾತು ಬಂದರೆ ನಾರ್ಮ್ ಸ್ಮಿತ್ ಅವರನ್ನು ಮರೆಯಬಾರದು. ಮೆಲ್ಬರ್ನ್ ತಂಡಕ್ಕೆ ಹತ್ತು ವರ್ಷದಲ್ಲಿ ಆರು ಪ್ರಶಸ್ತಿ ತಂದುಕೊಟ್ಟವರು, ಕೊನೆಯದು 1964ರಲ್ಲಿ. ಮರು ವರ್ಷ ಜುಲೈನಲ್ಲಿ, ಪಂದ್ಯದ ಹಿಂದಿನ ಸಂಜೆ, ಮನೆ ಬಾಗಿಲಿಗೆ ವಜಾ ಸಂದೇಶ ತಲುಪಿತು. ಎದುರು ಕುಳಿತು ಹೇಳುವ ಸೌಜನ್ಯವೂ ಇರಲಿಲ್ಲ. ಜನ ರೊಚ್ಚಿಗೆದ್ದರು. ನಾಲ್ಕು ದಿನದಲ್ಲಿ ಅವರನ್ನು ಮರಳಿ ಕರೆದರು, ಆದರೆ ಮುರಿದದ್ದು ಕೂಡಲಿಲ್ಲ. ಮೆಲ್ಬರ್ನ್ ಮತ್ತೆ ಪ್ರಶಸ್ತಿ ಗೆದ್ದದ್ದು 2021ರಲ್ಲಿ, 57 ವರ್ಷದ ನಂತರ. ಹಳಬರು ಇದನ್ನು ನಾರ್ಮ್ ಸ್ಮಿತ್ ಶಾಪ ಎನ್ನುತ್ತಿದ್ದರು. ನಾನು ಶಾಪವನ್ನು ನಂಬುವವಳಲ್ಲ. ಕೆಲಸಗಾರನನ್ನು ಅವಮಾನಿಸುವ ಮನೆಗೆ ಇನ್ನೊಬ್ಬ ಒಳ್ಳೆಯ ಕೆಲಸಗಾರ ಬರಲು ಹಿಂಜರಿಯುತ್ತಾನೆ ಎಂಬುದನ್ನು ನಂಬುತ್ತೇನೆ.

ಆ ಲೆಕ್ಕದಲ್ಲಿ ಎಸೆಂಡನ್ ಶೀಡಿಗೆ ಅವಮಾನ ಮಾಡಲಿಲ್ಲ. ಜುಲೈನಲ್ಲೇ ಹೇಳಿತು, ಋತು ಮುಗಿಸಲು ಬಿಟ್ಟಿತು, ಜನರು ಬಂದು ಬೀಳ್ಕೊಡಲು ಅವಕಾಶ ಕೊಟ್ಟಿತು.

ಹಾರ್ಬರ್ ಕನ್ನಡತಿ:

ಸಿಡ್ನಿಯಿಂದ ಬರೆಯುತ್ತಿದ್ದೇನೆ. ನಮ್ಮ ಸ್ವಾನ್ಸ್ ತಂಡ ಈ ವಿಷಯದಲ್ಲಿ ಉಳಿದವರಿಗೆ ಪಾಠ ಹೇಳಬಹುದು ಎಂಬ ಹೆಮ್ಮೆ ನನಗಿದೆ. ಪಾಲ್ ರೂಸ್ 2005ರಲ್ಲಿ 72 ವರ್ಷದ ಬರ ನೀಗಿಸಿದರು. 2010ರ ಕೊನೆಗೆ ತಾವೇ ಇಳಿದರು. ಯಾರು ಬರುತ್ತಾರೆ ಎಂಬುದು ಮೊದಲೇ ನಿಶ್ಚಯವಾಗಿತ್ತು, ಸಹಾಯಕರಾಗಿದ್ದ ಜಾನ್ ಲಾಂಗ್‌ಮೈರ್. ಅವರು ಎರಡನೇ ವರ್ಷದಲ್ಲೇ, 2012ರಲ್ಲಿ, ಪ್ರಶಸ್ತಿ ತಂದರು. ಆಮೇಲೆ ನಾಲ್ಕು ಗ್ರ್ಯಾಂಡ್ ಫೈನಲ್ ಸೋತರು, ನಿಜ. 2024ರಲ್ಲಿ ಬ್ರಿಸ್ಬೇನ್ ವಿರುದ್ಧ 60 ಅಂಕಗಳ ಸೋಲನ್ನು ನೋಡಿ ನಾನು ಟಿವಿ ಆರಿಸಿ ಹೊರಗೆ ನಡೆದುಹೋದೆ. ಆ ನವೆಂಬರ್‌ನಲ್ಲಿ ಅವರು ಇಳಿದಾಗಲೂ ಸಹಾಯಕರಾಗಿದ್ದ ಡೀನ್ ಕಾಕ್ಸ್ ಕೈಗೆ ತಂಡ ಹೋಯಿತು. ಗಲಾಟೆ ಇಲ್ಲ, ಬಣಗಳಿಲ್ಲ. 14 ವರ್ಷದ ಕೋಚ್ ಹೋಗುವುದು ಹೀಗೂ ಸಾಧ್ಯ.

ಮ್ಯಾಗ್‌ಪೈ ಮನೆ:

ಮೊದಲೇ ನಿಶ್ಚಯ ಮಾಡಿದರೆ ಎಲ್ಲ ಸುಗಮ ಎಂದು ದಯವಿಟ್ಟು ಹೇಳಬೇಡಿ. ನಮ್ಮ ಕಾಲಿಂಗ್‌ವುಡ್ 2009ರಲ್ಲೇ ಕಾಗದದ ಮೇಲೆ ಬರೆದುಕೊಂಡಿತು: ಇನ್ನು ಎರಡು ವರ್ಷ ಮಿಕ್ ಮಾಲ್ಟ್‌ಹೌಸ್, 2012ರಿಂದ ನೇಥನ್ ಬಕ್ಲಿ. ಬರೆದ ಮರು ವರ್ಷವೇ ಮಾಲ್ಟ್‌ಹೌಸ್ ಪ್ರಶಸ್ತಿ ಗೆದ್ದರು. 2011ರಲ್ಲಿ ಮತ್ತೆ ಗ್ರ್ಯಾಂಡ್ ಫೈನಲ್, ಜೀಲಾಂಗ್ ವಿರುದ್ಧ ಸೋಲು. ಗೆಲ್ಲುತ್ತಿದ್ದ ಕೋಚ್ ಹೊರಗೆ ಹೋಗಬೇಕಾಯಿತು. ಕ್ಲಬ್‌ನಲ್ಲೇ ಇನ್ನೊಂದು ಹುದ್ದೆ ಕಾದಿತ್ತು, ಅವರು ಒಪ್ಪಲಿಲ್ಲ. ಬಕ್ಲಿ ಹತ್ತು ವರ್ಷ ಬೆವರು ಸುರಿಸಿದರು, 2018ರಲ್ಲಿ ಐದು ಅಂಕಗಳಿಂದ ಕಪ್ ಕೈ ತಪ್ಪಿತು. ಮುಂದಿನ ಪ್ರಶಸ್ತಿ 2023ರಲ್ಲಿ ಬಂತು, ಆಗ ಕೋಚ್ ಇನ್ನೊಬ್ಬರು.

ಹಾಥಾರ್ನ್ ಕೂಡ 2021ರ ಜುಲೈನಲ್ಲಿ ಹಾಗೆಯೇ ಮಾಡಲು ಹೊರಟಿತು. ನಾಲ್ಕು ಪ್ರಶಸ್ತಿ ಗೆದ್ದ ಅಲಿಸ್ಟರ್ ಕ್ಲಾರ್ಕ್‌ಸನ್ ಇನ್ನೊಂದು ವರ್ಷ ಇದ್ದು, ಆಮೇಲೆ ಸ್ಯಾಮ್ ಮಿಚೆಲ್‌ಗೆ ಬಿಟ್ಟುಕೊಡುವುದು. ಕೆಲವೇ ವಾರಗಳಲ್ಲಿ ಏರ್ಪಾಡು ಮುರಿದು ಕ್ಲಾರ್ಕ್‌ಸನ್ ಆ ವರ್ಷದ ಕೊನೆಗೇ ಹೊರಟರು. ಒಂದು ಒರೆಯಲ್ಲಿ ಎರಡು ಕತ್ತಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ರೂಸ್ ಮತ್ತು ಲಾಂಗ್‌ಮೈರ್ ನಡುವೆ ಅದು ಸಾಧ್ಯವಾದದ್ದು ರೂಸ್ ಅವರಿಗೆ ನಿಜವಾಗಿಯೂ ಹೋಗಬೇಕಿತ್ತು ಎಂಬ ಕಾರಣಕ್ಕೆ. ಮಾಲ್ಟ್‌ಹೌಸ್‌ಗೆ ಹೋಗಲು ಮನಸ್ಸಿರಲಿಲ್ಲ. ಶೀಡಿಗೂ ಇರಲಿಲ್ಲ.

ವಿಂಡಿ ಹಿಲ್ ನೆರೆಯವನು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಲೆಕ್ಕಿಗರು ಕೊಟ್ಟ ಅಂಕಿಗಳ ಎದುರು ನನ್ನ ಬಳಿ ಉತ್ತರವಿಲ್ಲ. 2007ರಲ್ಲಿ ಶೀಡಿ ಹೋಗಬೇಕಾದ ಕಾಲ ಬಂದಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಹಳದಿ ಕಪ್ಪು ಅವರ ಮಾತು ನನ್ನನ್ನು ಬೇರೆ ಕಡೆಗೆ ತಿರುಗಿಸಿತು. ಶೀಡಿಯ ನಂತರದ ಪಟ್ಟಿಯನ್ನು ಬರೆದು ನೋಡಿದೆ.

ನೈಟ್ಸ್ ಎರಡನೇ ವರ್ಷದಲ್ಲಿ ತಂಡವನ್ನು ಎಂಟನೇ ಸ್ಥಾನಕ್ಕೆ ತಂದರು. ಮೂರನೇ ವರ್ಷ ಮುಗಿಯುವಷ್ಟರಲ್ಲಿ, 2010ರ ಆಗಸ್ಟ್‌ನಲ್ಲಿ, ಅವರನ್ನು ತೆಗೆದರು. ಏಕೆಂದರೆ ಜೇಮ್ಸ್ ಹರ್ಡ್ ಬೇಕಿತ್ತು. ಹರ್ಡ್ ಶೀಡಿಯ ಅತ್ಯಂತ ಪ್ರೀತಿಯ ಆಟಗಾರ, 2000ದ ನಾಯಕ, ಕೋಚ್ ಆಗಿ ಒಂದು ದಿನದ ಅನುಭವವೂ ಇಲ್ಲ. ಅವರಿಗೆ ಜೊತೆಯಾಗಿ ಬಂದವರು ಮಾರ್ಕ್ ಥಾಂಪ್ಸನ್, 1993ರ ನಾಯಕ, ಜೀಲಾಂಗ್‌ಗೆ ಎರಡು ಪ್ರಶಸ್ತಿ ತಂದಿದ್ದವರು. ಅದರಲ್ಲಿ ಒಂದು, ಎಸೆಂಡನ್ ಶೀಡಿಯನ್ನು ಕಳುಹಿಸಿದ 2007ರದ್ದೇ. ಆಮೇಲೆ ನಿಷೇಧಿತ ಔಷಧ ಪ್ರಕರಣ ಬಂತು, 2012ರ ತಂಡದ 34 ಆಟಗಾರರು 2016ರ ಇಡೀ ಋತು ಹೊರಗುಳಿಯಬೇಕಾಯಿತು. ಅದರ ಬಗ್ಗೆ ಬರೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಜಾನ್ ವರ್ಸ್‌ಫೋಲ್ಡ್ ಆ ಬೂದಿಯಿಂದ ತಂಡವನ್ನು ಎತ್ತಿದರು, ಬೆನ್ ರಟನ್‌ಗೆ ಒಪ್ಪಿಸಿದರು. 2022ರ ಆಗಸ್ಟ್‌ನಲ್ಲಿ ರಟನ್ ಇನ್ನೂ ಹುದ್ದೆಯಲ್ಲಿ ಇರುವಾಗಲೇ ಕ್ಲಬ್ ಕ್ಲಾರ್ಕ್‌ಸನ್ ಬೆನ್ನು ಹತ್ತಿತು. ಕ್ಲಾರ್ಕ್‌ಸನ್ ನಾರ್ತ್ ಮೆಲ್ಬರ್ನ್ ಆರಿಸಿಕೊಂಡರು. ರಟನ್ ಅವರನ್ನೂ ಕಳುಹಿಸಿದರು.

ಈ ಪಟ್ಟಿ ನೋಡಿದಾಗ ನನಗೆ ಕಾಣುವುದು ಒಂದೇ. ಶೀಡಿಯನ್ನು ಕಳುಹಿಸಿದ ಕ್ಲಬ್, ಅಂದಿನಿಂದ ಇನ್ನೊಬ್ಬ ಶೀಡಿಯನ್ನೇ ಹುಡುಕುತ್ತಿದೆ. ಒಬ್ಬ ಮನುಷ್ಯ ಬಂದು ಎಲ್ಲವನ್ನೂ ಸರಿಮಾಡುತ್ತಾನೆ ಎಂಬ ನಂಬಿಕೆ ಅಲ್ಲಿಂದ ಹೋಗಲೇ ಇಲ್ಲ. ಹಾರ್ಡ್‌ವಿಕ್‌ಗೆ ರಿಚ್ಮಂಡ್ ಕೊಟ್ಟ ಏಳು ವರ್ಷದ ತಾಳ್ಮೆಯನ್ನು ಎಸೆಂಡನ್ ಯಾರಿಗೂ ಕೊಡಲಿಲ್ಲ. ಕೊಟ್ಟದ್ದು ಶೀಡಿಗೆ ಮಾತ್ರ. ಅವರಿಗೂ ಮೊದಲ ಪ್ರಶಸ್ತಿ ಬಂದದ್ದು ನಾಲ್ಕನೇ ವರ್ಷದಲ್ಲಿ, ಅದಕ್ಕೆ ಹಿಂದಿನ ವರ್ಷ ಗ್ರ್ಯಾಂಡ್ ಫೈನಲ್‌ನಲ್ಲಿ 83 ಅಂಕಗಳಿಂದ ಸೋತಿದ್ದರು. ಇಂದಾಗಿದ್ದರೆ ಆ ಸೋಲಿನ ನಂತರ ಏನಾಗುತ್ತಿತ್ತು?

ಅಂಕಣ ಲೆಕ್ಕಿಗ:

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಮೊದಲ ಬರಹದಲ್ಲಿ ಇದೇ ಬಿಟ್ಟುಹೋಗಿತ್ತು.

ಟ್ರಾಮ್ 59:

ನೀವೆಲ್ಲ ಕಪ್ ಎಣಿಸುತ್ತಿದ್ದೀರಿ. ನನಗೆ ಶೀಡಿ ಮುಖ್ಯವಾಗುವುದು ಬೇರೆ ಕಾರಣಕ್ಕೆ. ನಾನು ಶಾಲಾ ಶಿಕ್ಷಕಿ, ತರಗತಿಯಲ್ಲಿ ಹತ್ತಾರು ದೇಶಗಳ ಮಕ್ಕಳಿದ್ದಾರೆ. ಪ್ರತಿ ಏಪ್ರಿಲ್ 25ರ ಹಿಂದುಮುಂದು ಅವರಿಗೆ ಆ್ಯನ್‌ಝಾಕ್ ದಿನದ ಪಂದ್ಯದ ಕಥೆ ಹೇಳುತ್ತೇನೆ. ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ ಎಸೆಂಡನ್ ಮತ್ತು ಕಾಲಿಂಗ್‌ವುಡ್ ಆಡಬೇಕು ಎಂಬ ಯೋಚನೆಯ ಹಿಂದೆ ಇದ್ದವರು ಶೀಡಿ, ಸ್ವತಃ ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡಿದ್ದವರು. ಮಾಜಿ ಸೈನಿಕರ ಸಂಘವನ್ನು ಒಪ್ಪಿಸಿ 1995ರಲ್ಲಿ ಮೊದಲ ಪಂದ್ಯ ನಡೆಯಿತು. ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ (ಎಂಸಿಜಿ) 94,825 ಜನ ಬಂದರು, ಸಾವಿರಾರು ಜನರಿಗೆ ಒಳಗೆ ಜಾಗ ಸಿಗಲಿಲ್ಲ. ಪಂದ್ಯ 111-111ಕ್ಕೆ ಸಮವಾಯಿತು.

ಅದೇ ಪಂದ್ಯದಲ್ಲಿ ಎಸೆಂಡನ್‌ನ ಮೂಲನಿವಾಸಿ ಆಟಗಾರ ಮೈಕಲ್ ಲಾಂಗ್ ಅವರಿಗೆ ಎದುರಾಳಿಯೊಬ್ಬ ಬಣ್ಣ ಹಿಡಿದು ಬೈದ. ಅವರು ಅದನ್ನು ನುಂಗಿಕೊಳ್ಳಲಿಲ್ಲ, ದೂರು ಕೊಟ್ಟರು. ಮೈದಾನದಲ್ಲಿ ಜನಾಂಗ ನಿಂದನೆಯ ವಿರುದ್ಧ ಲೀಗ್ ನಿಯಮ ತಂದದ್ದು ಅದರ ನಂತರ. ಲಾಂಗ್ 2004ರಲ್ಲಿ ತಮ್ಮ ಜನರ ಕಷ್ಟವನ್ನು ಪ್ರಧಾನಿಗೆ ಹೇಳಲು ಮೆಲ್ಬರ್ನ್‌ನಿಂದ ಕ್ಯಾನ್‌ಬೆರಾ ಕಡೆಗೆ ನಡೆದು ಹೊರಟರು. ಮರು ವರ್ಷ ಎಸೆಂಡನ್ ಮತ್ತು ರಿಚ್ಮಂಡ್ ನಡುವೆ ಮೂಲನಿವಾಸಿಗಳನ್ನು ಗೌರವಿಸುವ ‘ಡ್ರೀಮ್‌ಟೈಮ್’ ಪಂದ್ಯ ಆರಂಭವಾಯಿತು. ದೂರದ ಊರುಗಳಿಂದ ಮೂಲನಿವಾಸಿ ಹುಡುಗರನ್ನು ಹುಡುಕಿ ತಂದು ಅವರ ಬೆನ್ನಿಗೆ ನಿಂತ ಕೋಚ್‌ಗಳಲ್ಲಿ ಶೀಡಿ ಮೊದಲಿಗರ ಸಾಲಿನವರು. 2006ರಲ್ಲಿ ಮೂರೇ ಪಂದ್ಯ ಗೆದ್ದರು ಎಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಡ್ರೀಮ್‌ಟೈಮ್ ಪಂದ್ಯದ ದಿನ ಲಾಂಗ್ ಮುಂದಾಳುತನದಲ್ಲಿ ಸಾವಿರಾರು ಜನ ಎಂಸಿಜಿ ಕಡೆಗೆ ನಡೆಯುವುದು ಅವರಿಗೆ ಗೊತ್ತಿದೆ.

ಹೊಸ ನೋಡುಗ:

ಇದೆಲ್ಲ ಓದಿ ಮೈ ಜುಮ್ಮೆಂದಿತು. ಹೊರಟ ಮೇಲೆ ಶೀಡಿ ಏನು ಮಾಡಿದರು? ಆ ಕ್ಲಬ್‌ಗೆ ಮತ್ತೆ ಕಾಲಿಟ್ಟರೇ?

ಅಂಕಣ ಲೆಕ್ಕಿಗ:

ಇಟ್ಟರು. ಮೊದಲು 2012 ಮತ್ತು 2013ರಲ್ಲಿ ಪಶ್ಚಿಮ ಸಿಡ್ನಿಯ ಹೊಸ ತಂಡ ಜೈಂಟ್ಸ್‌ಗೆ ಕೋಚ್ ಆದರು. ಎರಡು ವರ್ಷದಲ್ಲಿ ಮೂರು ಗೆಲುವು, ಆದರೆ ಅಲ್ಲಿ ಅವರ ಕೆಲಸ ಗೆಲ್ಲುವುದಾಗಿರಲಿಲ್ಲ, ಈ ಆಟ ಬೇರೂರದ ನೆಲದಲ್ಲಿ ಅದನ್ನು ಬಿತ್ತುವುದಾಗಿತ್ತು. 2018ರಲ್ಲಿ ಹಾಲ್ ಆಫ್ ಫೇಮ್‌ನ ಅತ್ಯುನ್ನತ ದರ್ಜೆಯಾದ ಲೆಜೆಂಡ್ ಗೌರವ ಸಿಕ್ಕಿತು. 2020ರಲ್ಲಿ ಎಸೆಂಡನ್ ಆಡಳಿತ ಮಂಡಳಿಗೇ ನಿರ್ದೇಶಕರಾಗಿ ಬಂದರು. 13 ವರ್ಷದ ಹಿಂದೆ ತಮ್ಮನ್ನು ಕಳುಹಿಸಲು ತೀರ್ಮಾನಿಸಿದ ಅದೇ ಮಂಡಳಿ. 2022ರಲ್ಲಿ ಬ್ರ್ಯಾಡ್ ಸ್ಕಾಟ್ ಅವರನ್ನು ಕೋಚ್ ಆಗಿ ಆರಿಸಿದಾಗ ಶೀಡಿ ಅದಕ್ಕೆ ಮತ ಹಾಕಲಿಲ್ಲ, ಹರ್ಡ್ ಪರವಾಗಿ ನಿಂತರು. ಅದನ್ನು ಬಹಿರಂಗವಾಗಿಯೂ ಹೇಳಿದರು. ಹೊಸ ಕೋಚ್ ಕೆಲಸ ಆರಂಭಿಸುವ ದಿನ ನಿರ್ದೇಶಕರೊಬ್ಬರು ಹಾಗೆ ಹೇಳಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಗೌರವ ಬೇರೆ, ಇದು ಬೇರೆ.

ಕೆಂಪು ನೀಲಿ:

ಅವರಿಗೆ ಹರ್ಡ್ ಮಗನಂತೆ. ನನಗೆ ಅದು ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಹಳದಿ ಕಪ್ಪು:

ವಿಂಡಿ ಹಿಲ್ ನೆರೆಯವರೇ, ಆ ಅಜ್ಜಿ ಶೀಡಿಯ ಕೊನೆಯ ಪಂದ್ಯಕ್ಕೆ ಹೋಗಿದ್ದರೇ? ಎಂಸಿಜಿಯಲ್ಲಿ ನಮ್ಮ ರಿಚ್ಮಂಡ್ ವಿರುದ್ಧವೇ ಇತ್ತಲ್ಲ. ನಾನು ಅಂದು ಎದುರು ಬದಿಯಲ್ಲಿ ಕುಳಿತಿದ್ದೆ.

ವಿಂಡಿ ಹಿಲ್ ನೆರೆಯವನು:

ಹೋಗಿದ್ದರು, ನನ್ನನ್ನೂ ಕರೆದುಕೊಂಡು ಹೋದರು. ನಾನು ಜೀವನದಲ್ಲಿ ನೋಡಿದ ಮೊದಲ ಪಂದ್ಯ ಅದು. 2007ರ ಆಗಸ್ಟ್, 21ನೇ ಸುತ್ತು, 88 ಸಾವಿರಕ್ಕೂ ಹೆಚ್ಚು ಜನ. ಶೀಡಿ ಮತ್ತು ಹರ್ಡ್ ಇಬ್ಬರಿಗೂ ಎಸೆಂಡನ್ ಪರವಾಗಿ ಮೆಲ್ಬರ್ನ್‌ನಲ್ಲಿ ಕೊನೆಯ ದಿನ. ಪೂರ್ತಿ ಕೊನೆಯದು ಮರುವಾರ ಪರ್ತ್‌ನಲ್ಲಿ ವೆಸ್ಟ್ ಕೋಸ್ಟ್ ಎದುರು ಇತ್ತು, ಅದನ್ನೂ ಸೋತರು. ರಿಚ್ಮಂಡ್ ಆ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ, ಇಡೀ ಋತುವಿನಲ್ಲಿ ಮೂರೇ ಪಂದ್ಯ ಗೆದ್ದದ್ದು. ಅದರಲ್ಲಿ ಒಂದು ಇದು. ಶೀಡಿ ಹುಡುಗನಾಗಿ ಆಡಿ ಬೆಳೆದ ಕ್ಲಬ್ ಅವರನ್ನು ಸೋಲಿಸಿ ಕಳುಹಿಸಿತು.

1993ರಲ್ಲಿ ವೆಸ್ಟ್ ಕೋಸ್ಟ್ ವಿರುದ್ಧ ಪಾಲ್ ಸಾಮನ್ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಗೆಲ್ಲಿಸಿದಾಗ ಶೀಡಿ ಕೋಟು ಕಳಚಿ ತಲೆಯ ಮೇಲೆ ಬೀಸುತ್ತ ಓಡಿ ಬಂದಿದ್ದರು. ಅಂದಿನಿಂದ ವೆಸ್ಟ್ ಕೋಸ್ಟ್ ಎದುರು ಗೆದ್ದಾಗಲೆಲ್ಲ ಎಸೆಂಡನ್ ಜನ ಕೋಟು ಬೀಸುತ್ತಾರೆ. ಅಜ್ಜಿ ಅದಕ್ಕೆಂದೇ ಇಟ್ಟುಕೊಂಡಿದ್ದ ಗಂಡನ ಹಳೆಯ ಕಂದು ಕೋಟನ್ನು ಅಂದು ಹಾಕಿಕೊಂಡು ಬಂದಿದ್ದರು. ಪಂದ್ಯ ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಶೀಡಿ ಮತ್ತು ಹರ್ಡ್ ಮೈದಾನ ಸುತ್ತಿ ಬರತೊಡಗಿದರು. ಅವರು ನಮ್ಮ ಬದಿಗೆ ಬಂದಾಗ ಅಜ್ಜಿ ಕೋಟು ಕಳಚಿದರು. ಬೀಸುತ್ತಾರೆ ಎಂದುಕೊಂಡೆ. ಅವರು ಬೀಸಲಿಲ್ಲ. ಅದನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ಅದರ ಮೇಲೆ ಊರಿ, ಶೀಡಿ ದಾಟಿ ಹೋಗುವವರೆಗೂ ನೋಡುತ್ತ ಕುಳಿತಿದ್ದರು. ಚಳಿ ಜೋರಾಗಿತ್ತು. ರೈಲು ನಿಲ್ದಾಣದವರೆಗೂ ಆ ಕೋಟನ್ನು ಅವರು ಮತ್ತೆ ಹಾಕಿಕೊಳ್ಳಲಿಲ್ಲ.